ಘಟ್ಟದಲ್ಲಿ ಕುದಿದ ನೀರು

ನಾಲ್ಕು ದಿನದ ಪ್ರವಾಸದಲ್ಲಿ ಮೂರು ದಿನ ಗಾಡಿ ನಡೆಸಿದವನು ನಮ್ಮ ಗ್ಯಾರೇಜಿನ ಗೆಳೆಯ. ಕೊನೆಯ ದಿನ ಮಾತ್ರ ಸ್ಟಿಯರಿಂಗ್ ನಾನೇ ಹಿಡಿಯುತ್ತೇನೆಂದು ಹಟ ಮಾಡಿದೆ. ಗಾಡಿ ನನ್ನದು, ಊರಿಗೆ ನಾನೇ ಹೊಡೆದುಕೊಂಡು ಬಂದೆನೆಂದು ಮನೆಯಲ್ಲಿ ಹೇಳಿಕೊಳ್ಳುವ ಆಸೆ. ಐವತ್ತು ದಾಟಿದ ಮೇಲೂ ಇಂಥ ಆಸೆಗಳು ಹೋಗುವುದಿಲ್ಲ.

ನಾವು ನಾಲ್ವರೂ 1988ರಲ್ಲಿ ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜಿಗೆ ಬಿ.ಎಸ್ಸಿ.ಗೆ ಸೇರಿದವರು. ಒಬ್ಬ ಬ್ಯಾಂಕಿಗೆ ಹೋದ, ಒಬ್ಬ ವಕೀಲನಾದ, ನಾನು ಬಿ.ಎಡ್. ಮುಗಿಸಿ ಮಾಸ್ತರನಾದೆ. ನಾಲ್ಕನೆಯವನು ಎರಡನೇ ವರ್ಷ ಭೌತಶಾಸ್ತ್ರದಲ್ಲಿ ಫೇಲಾಗಿ ಕಾಲೇಜು ಬಿಟ್ಟು ಹುಬ್ಬಳ್ಳಿಯಲ್ಲಿ ಗ್ಯಾರೇಜು ತೆರೆದ. 2024ರ ಡಿಸೆಂಬರಿನಲ್ಲಿ ಕೂಡಿಕೊಂಡು ದಾಂಡೇಲಿ, ಅಣಶಿ ಘಟ್ಟ, ಕಾರವಾರ ನೋಡಿ ಗೋಕರ್ಣದಲ್ಲಿ ಉಳಿದಿದ್ದೆವು.

ಕೊನೆಯ ದಿನ ಬೆಳಿಗ್ಗೆ ಗಂಗಾವಳಿ ನದಿ ಸಮುದ್ರ ಸೇರುವ ಜಾಗಕ್ಕೆ ಹೋದೆವು. ಈ ನೀರಿನಲ್ಲಿ ನಮ್ಮ ಧಾರವಾಡದ ಪಾಲೂ ಇದೆ ಎಂದರೆ ವಕೀಲ ನಂಬಲಿಲ್ಲ. ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಹರಿದು ಬೇಡ್ತಿಯನ್ನು ಕೂಡುತ್ತದೆ. ಬೇಡ್ತಿ ಯಲ್ಲಾಪುರದ ಆಚೆ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕಿ, ಮುಂದೆ ಗಂಗಾವಳಿ ಎನಿಸಿಕೊಂಡು ಅರಬ್ಬೀ ಸಮುದ್ರಕ್ಕೆ ಬರುತ್ತದೆ. ಅದೇ ಹುಬ್ಬಳ್ಳಿಯ ಮೂಡಲ ಮಗ್ಗುಲಿನ ಮಳೆ ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಒಂದೇ ಮೋಡದ ಹನಿಗಳು ಹೀಗೆ ಎರಡು ಸಮುದ್ರಕ್ಕೆ ಹೋಗುತ್ತವೆ ಎಂದು ಉಸುಕಿನ ಮೇಲೆ ನಕಾಶೆ ಬರೆದು ತೋರಿಸಿದೆ. 'ಮಾಸ್ತರ, ರಜಾದಾಗೂ ಪಾಠ ಬಿಡಲಿಲ್ಲ ನೋಡು' ಎಂದು ನಕ್ಕರು.

ಪಾಠ ಹೇಳುವುದು ಸುಲಭವಾಗಿತ್ತು. ಮನೆಯ ಸುದ್ದಿ ಬಂದರೆ ಕಷ್ಟ. ಮಗನೇನು ಮಾಡುತ್ತಾನೆಂದು ಮೊದಲ ದಿನವೇ ಕೇಳಿದ್ದರು. 'ಸಿಇಟಿಗೆ ತಯಾರಿ ನಡೆಸ್ಯಾನ' ಎಂದು ಸುಳ್ಳು ಹೇಳಿದ್ದೆ. ನಿಜವೆಂದರೆ, ಆ ವರ್ಷದ ಪಿಯುಸಿ ಮೊದಲನೇ ಪರೀಕ್ಷೆಯಲ್ಲಿಯೂ ಎರಡನೆಯದರಲ್ಲಿಯೂ ಅವನು ಭೌತಶಾಸ್ತ್ರದಲ್ಲಿ ಬಿದ್ದಿದ್ದ. ಮೂರನೆಯದಕ್ಕೆ ಕೂಡುವುದೇ ಇಲ್ಲವೆಂದ. ವಿಜ್ಞಾನದ ಮಾಸ್ತರನ ಮಗ! ಅಂದಿನಿಂದ ಅವನು ಉಂಡೆದ್ದ ಮೇಲೆ ನಾನು ಊಟಕ್ಕೆ ಕೂಡುವುದು ರೂಢಿಯಾಗಿತ್ತು.

ಗೋಕರ್ಣದಿಂದ ಅಂಕೋಲೆಗೆ ಬರುವಾಗ ಶಿರೂರಿನಲ್ಲಿ ಎಲ್ಲರೂ ಸುಮ್ಮನಾದೆವು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯ ಬದಿಯ ಚಹದಂಗಡಿಯನ್ನೂ ಲಾರಿಯನ್ನೂ ಇದೇ ಗಂಗಾವಳಿಗೆ ನೂಕಿದ ಜಾಗ ಅದು. ಕೆಂಪು ಮಣ್ಣಿನ ಗಾಯ ಇನ್ನೂ ಹಸಿಯಾಗಿತ್ತು.

ಅಂಕೋಲೆಯಿಂದ ಹುಬ್ಬಳ್ಳಿಯ ದಾರಿ ಹಿಡಿದರೆ ಅರಬೈಲ್ ಘಟ್ಟ ಏರಬೇಕು. ಮುಂದೊಂದು ತುಂಬಿದ ಲಾರಿ ಆಮೆಯಂತೆ ಹತ್ತುತ್ತಿತ್ತು. ಅದರ ಹಿಂದೆ ನಾನು, ಎ.ಸಿ. ಹಾಕಿಕೊಂಡು, ಹಳೆಯ ಹಾಡಿನ ಗುಂಗಿನಲ್ಲಿ. ಗ್ಯಾರೇಜಿನವನು ಹಿಂದೆ ನಿದ್ದೆ ಹೋಗಿದ್ದ. ಉಷ್ಣತೆ ತೋರಿಸುವ ಮುಳ್ಳು ಮೇಲೇರಿದ್ದನ್ನು ನಾನು ನೋಡಲೇ ಇಲ್ಲ. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಾಗಲೇ ಎಚ್ಚರ. ರಸ್ತೆ ಅಗಲವಿದ್ದ ಕಡೆ ನಿಲ್ಲಿಸಿ, ಕೆಳಗಿಳಿದು, ಬಾನೆಟ್ ಎತ್ತಿ, ಕೈಗೆ ಕರವಸ್ತ್ರ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ.

'ಏ, ಮುಟ್ಟಬ್ಯಾಡಲೇ!' ಎಂದು ಹಿಂದಿನಿಂದ ಬಂದವನು ನನ್ನ ಮಣಿಕಟ್ಟು ಹಿಡಿದು ಎಳೆದ ರಭಸಕ್ಕೆ ನಾನು ಬೀಳುವುದೊಂದು ಬಾಕಿ.

ವಿದ್ಯಾರ್ಥಿಗಳೇ, ಒತ್ತಡ ಹೆಚ್ಚಿದರೆ ದ್ರವದ ಕುದಿಬಿಂದು ಏರುತ್ತದೆ ಎಂದು ನಾನು ಇಪ್ಪತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಕುಕ್ಕರಿನ ಉದಾಹರಣೆಯನ್ನೂ ತಪ್ಪದೆ ಕೊಡುತ್ತೇನೆ. ರೇಡಿಯೇಟರೂ ಅಂಥದೇ ಕುಕ್ಕರು. ಅದರ ಮುಚ್ಚಳ ಒಳಗಿನ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡದ ಹೆಚ್ಚುಕಡಿಮೆ ಎರಡು ಪಟ್ಟಿಗೆ ಹಿಡಿದಿಡುತ್ತದೆ. ಆದ್ದರಿಂದ ಒಳಗಿನ ನೀರು 100 ಡಿಗ್ರಿಗೆ ಕುದಿಯದೆ 120ರ ಹತ್ತಿರ ಹೋಗಬಲ್ಲದು. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು, ಅಷ್ಟು ಬಿಸಿಯ ನೀರು ಒಮ್ಮೆಲೇ ಕುದಿದು ಹಬೆಯೊಡನೆ ಮುಖಕ್ಕೆ ಚಿಮ್ಮುತ್ತದೆ. ಹಬೆಯ ಸುಟ್ಟಗಾಯ ಕುದಿನೀರಿನದಕ್ಕಿಂತ ಕೆಟ್ಟದ್ದು, ಏಕೆಂದರೆ ಒಂದು ಗ್ರಾಂ ಹಬೆ ನೀರಾಗುವಾಗ ಸುಮಾರು 540 ಕ್ಯಾಲರಿ ಶಾಖ ಬಿಟ್ಟುಕೊಡುತ್ತದೆ. ಇಷ್ಟೆಲ್ಲ ತಿಳಿದವನು ನಾನು. ನನ್ನ ಕಣ್ಣು ಉಳಿಸಿದವನು ಭೌತಶಾಸ್ತ್ರದಲ್ಲಿ ಫೇಲಾದವನು.

ಎಂಜಿನ್ ತಣ್ಣಗಾಗಲು ಮುಕ್ಕಾಲು ತಾಸು ಬೇಕೆಂದ. ಬ್ಯಾಂಕಿನವನೂ ವಕೀಲನೂ ನೀರು ಹುಡುಕಿಕೊಂಡು ಹೊರಟರು. ನಾವಿಬ್ಬರೇ ಕಟ್ಟೆಯ ಮೇಲೆ ಕುಳಿತೆವು. ನನ್ನ ಕೈ ಇನ್ನೂ ನಡುಗುತ್ತಿತ್ತು. ಏಕೋ ಏನೋ, ಆಗ ಮಗನ ಸಂಗತಿ ಬಾಯಿಂದ ಹೊರಬಿತ್ತು.

'ಇದನ್ನ ಮೂರು ದಿನ ಹೊಟ್ಟ್ಯಾಗ ಇಟ್ಕೊಂಡಿದ್ದೇನಲೇ?' ಎಂದ. ಸ್ವಲ್ಪ ಹೊತ್ತು ಬಿಟ್ಟು, ಸಿಟ್ಟಿಲ್ಲದ ದನಿಯಲ್ಲಿ, 'ನಾ ಫೇಲಾದಾಗ ನೀ ಒಂದ್ ಸಲಾನೂ ಮನೀಗೆ ಬರಲಿಲ್ಲ ನೋಡು' ಎಂದ.

ನಿಜ. 1990ರ ಮಾತು. ಮಾಳಮಡ್ಡಿಯಲ್ಲಿದ್ದ ಅವನ ಮನೆ ನನ್ನ ಕೋಣೆಯಿಂದ ಸೈಕಲ್ ಮೇಲೆ ಹತ್ತು ನಿಮಿಷ. ಫಲಿತಾಂಶ ಬಂದ ಮೇಲೆ ಆ ಓಣಿ ತಪ್ಪಿಸಿ ಸುತ್ತುಬಳಸಿ ಕಾಲೇಜಿಗೆ ಹೋಗುತ್ತಿದ್ದೆ. ಅವನನ್ನು ಮತ್ತೆ ಕಂಡಿದ್ದು ಆರು ವರ್ಷದ ಮೇಲೆ, ನನ್ನ ಸ್ಕೂಟರ್ ಕೆಟ್ಟಾಗ.

'ಏನ್ ಮಾತಾಡಬೇಕಂತ ತಿಳೀಲಿಲ್ಲೋ' ಎಂದೆ.

'ಮಾತು ಯಾರಿಗೆ ಬೇಕಾಗಿತ್ತು? ಬಂದು ಕುಂತಿದ್ರ ಸಾಕಿತ್ತು.'

ಅಷ್ಟರಲ್ಲಿ ಅವರಿಬ್ಬರೂ ಎರಡು ಕ್ಯಾನು ನೀರು ಹೊತ್ತು ತಂದರು. ಗೆಳೆಯ ಒದ್ದೆ ಬಟ್ಟೆ ಹೊದಿಸಿ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ, ಉಳಿದ ಗಾಳಿ ಬುಸ್ಸೆಂದು ಹೋದ ಮೇಲೆ ಪೂರ್ತಿ ತೆಗೆದ. ರಬ್ಬರ್ ಪೈಪಿನ ಪಟ್ಟಿ ಸಡಿಲಾಗಿ ನೀರು ಸೋರಿತ್ತು. ಅದನ್ನು ಬಿಗಿ ಮಾಡಿ, ನೀರು ತುಂಬಿ, ತಾನೇ ನಡೆಸಲು ಕುಳಿತ. ಎ.ಸಿ. ಬಂದ್ ಮಾಡಿ ಹೀಟರ್ ಹಾಕಿದ. ಹೀಟರೆಂದರೆ ಎಂಜಿನ್ನಿನ ಶಾಖವನ್ನು ನಮ್ಮ ಕಡೆ ಹೊರಹಾಕುವ ಇನ್ನೊಂದು ಪುಟ್ಟ ರೇಡಿಯೇಟರು. ಯಲ್ಲಾಪುರ ಮುಟ್ಟುವ ತನಕ ನಾಲ್ವರೂ ಕಿಟಕಿ ತೆರೆದು ಬೆವರಿಳಿಸಿಕೊಂಡು ಕುಳಿತೆವು. ಅಲ್ಲಿ ಚಹಾ, ಕಲಘಟಗಿಯಲ್ಲಿ ಮಿರ್ಚಿ. ಉಳಿದ ದಾರಿಯ ಬಗ್ಗೆ ಹೇಳುವಂಥದೇನಿಲ್ಲ.

ಮೂವರನ್ನೂ ಹುಬ್ಬಳ್ಳಿಯಲ್ಲಿ ಇಳಿಸಿ ಧಾರವಾಡದ ಮನೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಗೇಟು ತೆರೆದವನು ಮಗ.

'ಯಾಕಪ್ಪಾ ಇಷ್ಟ ತಡಾ?'

'ಅರಬೈಲಿನ್ಯಾಗ ರೇಡಿಯೇಟರ್ ಕುದೀತು.'

'ಬಿಸಿ ಇದ್ದಾಗ ಮುಚ್ಚಳ ತಗದಿಲ್ಲ, ಹೌದಿಲ್ಲೋ?'

'ತಗೀಲಿಕ್ಕೆ ಹೋಗಿದ್ದೆ' ಎಂದೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿ ಜೋರಾಗಿ ನಕ್ಕುಬಿಟ್ಟ. ಏಪ್ರಿಲ್ ತಿಂಗಳಿಂದ ಆ ನಗೆ ಕೇಳಿರಲಿಲ್ಲ. ಒಳಗಿಂದ ಅವನ ತಾಯಿ ಊಟಕ್ಕೆ ಕರೆದಳು. ಪೈಪು ಮತ್ತೆ ಸೋರುತ್ತಿದೆಯೋ ನೋಡಿಯೇ ಬರುತ್ತೇನೆಂದು ಅವನು ಬಾನೆಟ್ ಎತ್ತಿದ. ನಾನು ಟಾರ್ಚ್ ಹಿಡಿದುಕೊಂಡು ಅವನ ಪಕ್ಕದಲ್ಲಿ ನಿಂತೆ.