ಗೇಣುದ್ದದ ಸಿಲ್ವರ್ ಘೋಸ್ಟ್

ವೈಟ್ ಮೆಟಲ್ ಕಿಟ್ಟಿನ ಡಬ್ಬಿಯನ್ನು ಕೈಗೆತ್ತಿಕೊಂಡಾಗ ಮೊದಲು ಗೊತ್ತಾಗುವುದು ಅದರ ತೂಕ. ಪ್ಲಾಸ್ಟಿಕ್ ಮಾದರಿಗಳನ್ನು ಕಟ್ಟಿ ರೂಢಿಯಾದವರ ಕೈ ಒಂದು ಕ್ಷಣ ಕೆಳಗೆ ಜಗ್ಗುತ್ತದೆ. ನನ್ನ ಮೇಜಿನ ಮೇಲೆ ಈಗ ಇರುವುದು 1907ರ ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್, 1/24 ಅಳತೆಯದು. ಕಟ್ಟಿ ಮುಗಿದಾಗ ಉದ್ದ ಒಂದು ಗೇಣನ್ನೂ ಮುಟ್ಟುವುದಿಲ್ಲ. ತೂಕದ ಲೆಕ್ಕವೇ ಬೇರೆ. ಉದ್ದ 24 ಪಟ್ಟು ಕುಗ್ಗಿದರೆ ಗಾತ್ರ ಕುಗ್ಗುವುದು 13,824 ಪಟ್ಟು. ಮೂಲ ಕಾರು ಎರಡು ಟನ್ ಎಂದಿಟ್ಟುಕೊಂಡರೂ ಈ ಮಾದರಿ 145 ಗ್ರಾಂ ದಾಟಬಾರದು. ದಾಟುತ್ತದೆ, ಅದೂ ಎಷ್ಟೋ ಪಟ್ಟು. ಅಲ್ಲಿ ತಗಡು, ಮರ, ಟೊಳ್ಳು ಇದ್ದ ಕಡೆಯಲ್ಲೆಲ್ಲ ಇಲ್ಲಿ ಗಟ್ಟಿ ಲೋಹವಿದೆ. ದೊಡ್ಡದನ್ನು ಚಿಕ್ಕದು ಮಾಡುವಾಗ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಹಾಗೆ ಕುಗ್ಗದೆ ಉಳಿದವುಗಳ ಜೊತೆ ಗುದ್ದಾಡುವುದೇ ಈ ಕೆಲಸದ ಸುಖ.

ವೈಟ್ ಮೆಟಲ್ ಎಂದರೆ ತವರ, ಸೀಸ, ಆಂಟಿಮನಿಗಳ ಬೆರಕೆ. ಕೆಲವರು ಬಿಸ್ಮತ್ ಸೇರಿಸುತ್ತಾರೆ, ಇತ್ತೀಚೆಗೆ ಸೀಸವಿಲ್ಲದ್ದೂ ಬರುತ್ತದೆ. ನಮ್ಮ ಹಳೆಯ ಮುದ್ರಣಾಲಯಗಳಲ್ಲಿ ಕೈಯಿಂದ ಜೋಡಿಸುತ್ತಿದ್ದ ಅಚ್ಚುಮೊಳೆಗಳೂ ಇದೇ ಕುಲದವು. ಆಂಟಿಮನಿ ಸೇರಿದರೆ ಎರಕದ ಅಂಚು ಚೂಪಾಗಿ ಮೂಡುತ್ತದೆ, ತಣಿಯುವಾಗ ಲೋಹ ಹೆಚ್ಚು ಮುದುಡುವುದಿಲ್ಲ. ಕಿಟ್ ತಯಾರಿಸುವವರು ಮೊದಲು ಒಂದು ಮೂಲಪ್ರತಿ ಮಾಡಿ, ಅದನ್ನು ರಬ್ಬರ್ ತಟ್ಟೆಗಳ ನಡುವೆ ಒತ್ತಿ ಕಾಯಿಸಿ ಅಚ್ಚು ತೆಗೆಯುತ್ತಾರೆ. ಆ ಅಚ್ಚು ಗಿರಗಿರನೆ ತಿರುಗುತ್ತಿರುವಾಗ ನಡುವಿನ ತೂತಿಗೆ ಕರಗಿದ ಲೋಹ ಹೊಯ್ದರೆ, ತಿರುಗುವ ರಭಸಕ್ಕೆ ಅದು ಸಂದುಗೊಂದಿಗೆಲ್ಲ ನುಗ್ಗುತ್ತದೆ. ರಬ್ಬರಿನ ಎರಡು ಹೋಳು ಕೂಡಿದ ಕಡೆ ತುಂಡಿನ ಮೈಮೇಲೆ ಒಂದು ಗೆರೆ ಉಳಿಯುತ್ತದೆ. ಆ ಗೆರೆಯನ್ನು ಅರದಿಂದ ತೆಗೆಯುವಲ್ಲಿಂದ ನಮ್ಮ ಕೆಲಸ ಶುರು. ಒಣ ಪುಡಿ ಹಾರದಂತೆ ನೀರು ಹಚ್ಚಿಕೊಂಡೇ ಉಜ್ಜಬೇಕು, ಎದ್ದ ಮೇಲೆ ಕೈ ತೊಳೆಯದೆ ಏನನ್ನೂ ಬಾಯಿಗಿಡಬಾರದು. ಸೀಸದ ವಿಷಯದಲ್ಲಿ ಉದಾಸೀನ ಸಲ್ಲದು.

ಮೋಟಾರು ಕಾರಿಗೂ ಈ ಲೋಹಕ್ಕೂ ನಂಟು ಹಳೆಯದು. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಬೇರಿಂಗಿಗೆಂದು ರೂಪಿಸಿದ ಬೆರಕೆ ಇದರ ಹತ್ತಿರದ ಬಂಧು. ಸಿಲ್ವರ್ ಘೋಸ್ಟ್ ಕಾಲದ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಶಾಫ್ಟ್ ತಿರುಗುತ್ತಿದ್ದದ್ದು ವೈಟ್ ಮೆಟಲ್ ಹೊಯ್ದ ಬೇರಿಂಗ್‌ಗಳಲ್ಲಿ. ಮೆದು ಲೋಹವಾದ್ದರಿಂದ ಶಾಫ್ಟನ್ನು ತಿನ್ನುವುದಿಲ್ಲ. ಎಣ್ಣೆಯಲ್ಲಿ ಒಂದು ಚೂರು ಕಸ ಬಂದರೂ ತನ್ನ ಮೈಯೊಳಗೆ ಹುದುಗಿಸಿಕೊಳ್ಳುತ್ತದೆ. ನಮ್ಮೂರ ಅಕ್ಕಿ ಗಿರಣಿಯ ಆಯಿಲ್ ಎಂಜಿನ್ನಿನಲ್ಲೂ ಇದ್ದದ್ದು ಅದೇ. ಬೇರಿಂಗ್ ಸವೆದಾಗ ಫಿಟ್ಟರ್ ಸಾಬ್ರು ಹಳೆಯದನ್ನು ಕರಗಿಸಿ ಹೊಸದಾಗಿ ಹೊಯ್ದು, ಶಾಫ್ಟಿಗೆ ತೆಳ್ಳಗೆ ನೀಲಿ ಬಳಿದು, ಕೂರಿಸಿ ತಿರುಗಿಸಿ ಬಿಚ್ಚುತ್ತಿದ್ದರು. ನೀಲಿ ಹತ್ತಿದ ಕಡೆ ಸ್ಕ್ರೇಪರಿನಿಂದ ಸಿಪ್ಪೆ ಎದ್ದಂತೆ ಕೆರೆದು ಮತ್ತೆ ಕೂರಿಸುತ್ತಿದ್ದರು.

“ಇನ್ನೂ ಎಷ್ಟು ಸಲ ಸಾಬ್ರೆ?” ಎಂದು ಕೇಳಿದರೆ, “ಎಲ್ಲಾ ಕಡೆ ಒಂದೇ ಸಮ ನೀಲಿ ಕಾಣೋತನಕ ತಮ್ಮಾ. ಹತ್ತಿದ ಕಡೆ ಮಾತ್ರ ಕೆರೀಬೇಕು, ಬೇರೆ ಕಡೆ ಕೈ ಹಾಕಬಾರ್ದು” ಎನ್ನುತ್ತಿದ್ದರು.

ಇವತ್ತು ನಾನು ಕಾರಿನ ಮೈಯನ್ನು ಚಾಸಿಗೆ ಕೂರಿಸುವ ವಿಧಾನವೂ ಇದೇ. ತುಂಡಿನ ಅಂಚಿಗೆ ಮಾರ್ಕರ್ ಪೆನ್ನಿನ ಬಣ್ಣ ಹಚ್ಚಿ, ಎದುರು ತುಂಡಿಗೆ ಒತ್ತಿ, ಎಲ್ಲಿ ತಗುಲಿತು ಎಂದು ನೋಡಿ ಸೂಜಿ ಅರದಿಂದ ಅಲ್ಲಷ್ಟೇ ಎರಡು ಎಳೆತ. ಡಬ್ಬಿಯಿಂದ ತೆಗೆದ ಕೂಡಲೇ ಒಂದಕ್ಕೊಂದು ಕೂರುವಂಥ ಕಿಟ್ ಇದಲ್ಲ. ಕೂರಬೇಕು ಎಂಬ ಅಪೇಕ್ಷೆಯೂ ನನಗಿಲ್ಲ, ಏಕೆಂದರೆ ಮೂಲ ಕಾರೂ ಹಾಗೆ ಕೂರುತ್ತಿರಲಿಲ್ಲ. ರೋಲ್ಸ್-ರಾಯ್ಸ್ ಕಂಪನಿ ಆಗ ಮಾರುತ್ತಿದ್ದದ್ದು ಚಾಸಿ, ಎಂಜಿನ್, ರೇಡಿಯೇಟರ್ ಇಷ್ಟನ್ನೇ. ಮೈ ಕಟ್ಟುವವರು ಬೇರೆ. ಗಿರಾಕಿ ತನಗೆ ಬೇಕಾದ ಕೋಚ್ ಕಟ್ಟುವವರ ಬಳಿ ಚಾಸಿ ಕಳಿಸುತ್ತಿದ್ದ. ಅವರು ಮರದ ಚೌಕಟ್ಟು ನಿಲ್ಲಿಸಿ, ತಗಡು ಬಡಿದು, ಒಂದೊಂದು ಬಾಗಿಲನ್ನೂ ಅದರದರ ಚೌಕಟ್ಟಿಗೆ ಅರದಿಂದ ಉಜ್ಜಿ ಕೂರಿಸುತ್ತಿದ್ದರು. ಒಂದು ಕಾರಿನ ಬಾಗಿಲು ಇನ್ನೊಂದಕ್ಕೆ ಹೊಂದುತ್ತದೆ ಎಂಬ ಖಾತ್ರಿ ಇರಲಿಲ್ಲ. ಆ ದುಡಿಮೆಗೆ 1/24 ಎಂಬ ಅಳತೆ ಅನ್ವಯಿಸುವುದಿಲ್ಲ. ಬಾಗಿಲು ಎಷ್ಟೇ ಚಿಕ್ಕದಾದರೂ ಅದನ್ನು ಕೂರಿಸಲು ಬೇಕಾದ ಗಮನ ಅಷ್ಟೇ ಇರುತ್ತದೆ.

ಸಿಲ್ವರ್ ಘೋಸ್ಟ್ ಎಂಬ ಹೆಸರು ಮೊದಲು ಇದ್ದದ್ದು ಒಂದೇ ಒಂದು ಕಾರಿಗೆ. ಮಾದರಿಯ ಅಧಿಕೃತ ಹೆಸರು ಬರೀ 40/50 ಹೆಚ್‌ಪಿ. ಮ್ಯಾಂಚೆಸ್ಟರಿನಲ್ಲಿ ತಯಾರಾದ 60551 ಸಂಖ್ಯೆಯ ಚಾಸಿಗೆ ಕಂಪನಿಯ ವ್ಯವಹಾರ ನೋಡುತ್ತಿದ್ದ ಕ್ಲಾಡ್ ಜಾನ್ಸನ್, ಬಾರ್ಕರ್ ಕಂಪನಿಯಿಂದ ತೆರೆದ ಮೈ ಕಟ್ಟಿಸಿ, ಅಲ್ಯೂಮಿನಿಯಂ ಬಣ್ಣ ಬಳಿಸಿ, ಲೋಹದ ಬಿಡಿಭಾಗಗಳಿಗೆ ಬೆಳ್ಳಿ ಲೇಪ ಕೊಡಿಸಿ, ಈ ಹೆಸರಿಟ್ಟ. ನೋಂದಣಿ ಎಎಕ್ಸ್ 201. ಸದ್ದಿಲ್ಲದೆ ಸರಿಯುವ ಬೆಳ್ಳಿಯ ಭೂತ! ಜನಕ್ಕೆ ಹೆಸರು ಹಿಡಿಸಿತು. 1925ರಲ್ಲಿ ಫ್ಯಾಂಟಮ್ ಎಂಬ ಹೊಸ ಮಾದರಿ ಬಂದ ಮೇಲೆ, ಹಳೆಯದನ್ನು ಬೇರೆಯಾಗಿ ಗುರುತಿಸಲು ಕಂಪನಿಯೂ ಅದೇ ಹೆಸರನ್ನು ಒಪ್ಪಿಕೊಂಡಿತು.

ನನ್ನ ಮೇಜಿನ ಮೇಲಿನ ಚಾಸಿ ಬೇಗ ಮುಗಿಯಿತು. ಆರು ಸಿಲಿಂಡರಿನ, 7,036 ಸಿಸಿಯ ಎಂಜಿನ್ ಮೂರು ಮೂರರ ಎರಡು ಬ್ಲಾಕುಗಳಾಗಿ ಬರುತ್ತದೆ. ಮೂಲದಲ್ಲೂ ಹಾಗೆಯೇ ಇತ್ತು. ಬೆಸುಗೆಯಲ್ಲಿ ಮಾತ್ರ ಎಚ್ಚರ ಬೇಕು. ಸಾಮಾನ್ಯ ಬೆಸುಗೆಯ ಬಿಸಿಗೆ ಈ ತುಂಡುಗಳೇ ಕರಗಿ ಹರಿದುಬಿಡುತ್ತವೆ. ಅದಕ್ಕೆಂದೇ 70 ಡಿಗ್ರಿಯ ಸುಮಾರಿಗೆ ಕರಗುವ ಬೆಸುಗೆ ಸಿಗುತ್ತದೆ. ಬಿಸಿ ತಗ್ಗಿಸಬಲ್ಲ ಐರನ್ ಇಟ್ಟುಕೊಂಡು, ಫ್ಲಕ್ಸ್ ಧಾರಾಳವಾಗಿ ಹಚ್ಚಿ ಮುಟ್ಟಿಸಿದರೆ ಅದು ಸಂದಿಗೆ ತಾನಾಗಿ ಓಡಿ ಕೂರುತ್ತದೆ. ಭಾರ ಹೊರುವ ಕೂಡಿಕೆಗೆ ಬೆಸುಗೆ, ಅಲಂಕಾರದ ತುಂಡಿಗೆ ಎಪಾಕ್ಸಿ ಅಂಟು ಎಂಬುದು ನಾನು ಪಾಲಿಸುವ ನಿಯಮ.

ಕೈ ಕಟ್ಟಿಹಾಕಿದ್ದು ಮಡ್‌ಗಾರ್ಡುಗಳು. ಮೂಲದ ತಗಡು ಒಂದೂವರೆ ಮಿಲಿಮೀಟರ್ ಎಂದುಕೊಂಡರೆ ಇಲ್ಲಿ ಅದು 0.06 ಮಿಲಿಮೀಟರ್ ಆಗಬೇಕು, ಅಂದರೆ ತಲೆಗೂದಲಿನ ದಪ್ಪ. ಎರಕದಲ್ಲಿ ಅಷ್ಟು ತೆಳುವಾಗಿ ಲೋಹ ಹರಿಯುವುದೇ ಇಲ್ಲ. ಹಾಗಾಗಿ ಕಿಟ್ಟಿನ ಮಡ್‌ಗಾರ್ಡ್ ದಪ್ಪಗಿರುತ್ತದೆ, ಹಾಗೇ ಬಿಟ್ಟರೆ ಇಡೀ ಕಾರು ಆಟಿಕೆಯಂತೆ ಕಾಣುತ್ತದೆ. ಒಳಮೈಯಿಂದ, ಅಂಚಿನ ಉದ್ದಕ್ಕೂ ಮಾತ್ರ, ಓರೆಯಾಗಿ ಅರ ಹಾಕುತ್ತ ಹೋಗಬೇಕು. ನಡುವಿನ ದಪ್ಪ ಹಾಗೇ ಇರುತ್ತದೆ. ಕಣ್ಣು ನೋಡುವುದು ಅಂಚನ್ನಷ್ಟೇ. ಇದನ್ನು ಮೋಸ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಳತೆಗೋಲು ಹೇಳುವ ಸತ್ಯವನ್ನು ಲೋಹ ಹೊರಲಾರದಾಗ, ಕಣ್ಣಿಗೆ ಕಾಣುವ ಸತ್ಯವನ್ನು ಉಳಿಸಿಕೊಳ್ಳುವುದು ಮಾದರಿಕಾರನ ಹೊಣೆ.

ಬಣ್ಣದ ಕಥೆಯೂ ಅಂಥದ್ದೇ. ಬಣ್ಣದ ಪದರ ಕುಗ್ಗುವುದಿಲ್ಲ. ಮಾದರಿಯ ಮೇಲೆ 0.1 ಮಿಲಿಮೀಟರ್ ಬಳಿದರೆ ಅದು ನಿಜವಾದ ಕಾರಿಗೆ 2.4 ಮಿಲಿಮೀಟರ್ ಬಳಿದ ಹಾಗೆ, ರಿವೆಟ್ಟುಗಳೆಲ್ಲ ಮುಳುಗಿಹೋಗುತ್ತವೆ. ಅಲ್ಯೂಮಿನಿಯಂ ಬಣ್ಣದಲ್ಲಿ ಇನ್ನೊಂದು ತೊಡಕಿದೆ. ಅದರೊಳಗಿನ ಲೋಹದ ಕಣಗಳೂ ಕುಗ್ಗುವುದಿಲ್ಲ, ಚಿಕ್ಕ ಮೈಮೇಲೆ ಒಂದೊಂದೂ ಮಿನುಗಿ ಒರಟಾಗಿ ಕಾಣುತ್ತದೆ. ಹುಡುಕಿ ಹುಡುಕಿ ಅತಿ ನುಣ್ಣನೆಯ ಪುಡಿ ಸೇರಿದ ಬಣ್ಣ ತರಬೇಕು, ತೆಳ್ಳಗೆ ಕಲಸಿ ಏರ್‌ಬ್ರಷ್‌ನಲ್ಲಿ ಮಂಜಿನಂತೆ ಬಿಡಬೇಕು. ಹೇಗೂ ಲೋಹವೇ ಬೆಳ್ಳಗಿದೆಯಲ್ಲ, ಬಣ್ಣ ಏಕೆ ಎಂದು ಕೇಳುವವರಿಗೆ ಉತ್ತರ: ವೈಟ್ ಮೆಟಲ್ ಗಾಳಿಗೆ ಬೂದುಗಟ್ಟುತ್ತದೆ. ದೀಪ, ಹಾರ್ನು, ಹಿಡಿಕೆಗಳನ್ನು ಮಾತ್ರ ನಯವಾದ ಉಕ್ಕಿನ ಕಡ್ಡಿಯಿಂದ ತಿಕ್ಕಿ ಹೊಳಪೇರಿಸಿ ಹಾಗೇ ಬಿಟ್ಟಿದ್ದೇನೆ. ಉಳಿದ ಕಾರುಗಳ ಹಿತ್ತಾಳೆಗಿಂತ ಈ ಕಾರಿನ ಬೆಳ್ಳಿ ಲೇಪಕ್ಕೆ ಅದು ಹತ್ತಿರ.

ಮಳೆಗಾಲದಲ್ಲಿ ನಾನು ಲ್ಯಾಕರ್ ಮುಟ್ಟುವುದಿಲ್ಲ. ತೇವದ ಗಾಳಿಯಲ್ಲಿ ಬಣ್ಣ ಆರುವಾಗ ನೀರಿನ ಪಸೆ ಒಳಗೆ ಸಿಕ್ಕಿ ಬೆಳ್ಳಗೆ ಮಬ್ಬು ಕಟ್ಟುತ್ತದೆ. ಆಷಾಢದಲ್ಲಿ ಕುಳಿತು ಉಜ್ಜುವುದು, ದೀಪಾವಳಿ ಕಳೆದ ಮೇಲೆ ಬಳಿಯುವುದು.

ಡ್ಯಾಶ್‌ಬೋರ್ಡಿನ ಬಳಿ ನಾನಾಗಿಯೇ ಸೇರಿಸಿದ್ದು ಒಂದಿದೆ, ಪೆಟ್ರೋಲ್ ನಲ್ಲಿ. ಕಿಟ್ಟಿನಲ್ಲಿ ಅದು ಇರಲಿಲ್ಲ. 1907ರಲ್ಲಿ ಈ ಕಾರು ರಾಯಲ್ ಆಟೋಮೊಬೈಲ್ ಕ್ಲಬ್ಬಿನವರ ಕಣ್ಗಾವಲಿನಲ್ಲಿ ಲಂಡನ್–ಗ್ಲಾಸ್ಗೋ ನಡುವೆ ಹೋಗಿ ಬಂದು 15,000 ಮೈಲಿ ಓಡಿತು. 629ನೇ ಮೈಲಿಯಲ್ಲಿ ಒಮ್ಮೆ ನಿಂತಿತು, ರಸ್ತೆಯ ಕುಲುಕಾಟಕ್ಕೆ ಪೆಟ್ರೋಲ್ ನಲ್ಲಿ ತಾನಾಗಿ ಮುಚ್ಚಿಕೊಂಡಿತ್ತು. ತಿರುಗಿಸಿ ತೆರೆದು ಹೊರಟರು. ಉಳಿದ 14,371 ಮೈಲಿ ಕೆಟ್ಟು ನಿಲ್ಲಲೇ ಇಲ್ಲ. ಆಗಿನ ರಸ್ತೆ, ಆಗಿನ ಟೈರು ನೆನೆದರೆ ಇದು ಸಣ್ಣ ಮಾತಲ್ಲ. ಇಷ್ಟು ದೊಡ್ಡ ಓಟದಲ್ಲಿ ಕಾರನ್ನು ಕೆಡಿಸಿ ನಿಲ್ಲಿಸಿದ ಏಕೈಕ ಬಿಡಿಭಾಗಕ್ಕೆ ಮಾದರಿಯಲ್ಲಿ ಜಾಗವಿಲ್ಲ ಎಂದರೆ ನನಗೆ ಒಪ್ಪಿಗೆಯಾಗಲಿಲ್ಲ. ಹಿತ್ತಾಳೆ ತಂತಿ ಕತ್ತರಿಸಿ, ತುದಿ ಚಪ್ಪಟೆ ಬಡಿದು ಮಾಡಿದೆ. ನೋಡುವವರ ಕಣ್ಣಿಗೆ ಅದು ಬೀಳುವುದು ಕಷ್ಟ.

ಬದಲಿಗೆ ಕಿಟ್ಟಿನಲ್ಲಿದ್ದ ಒಂದು ತುಂಡನ್ನು ಬಿಟ್ಟಿದ್ದೇನೆ. ರೇಡಿಯೇಟರಿನ ನೆತ್ತಿಗೆ ನಿಲ್ಲಿಸಲೆಂದು ಕೊಟ್ಟಿರುವ, ರೆಕ್ಕೆಯಂತೆ ಸೆರಗು ಹಾರಿಸಿ ಮುಂದಕ್ಕೆ ಬಾಗಿದ ಹೆಣ್ಣಿನ ಮೂರ್ತಿ. ಚಾರ್ಲ್ಸ್ ಸೈಕ್ಸ್ ಎಂಬ ಶಿಲ್ಪಿ ಅದನ್ನು ರೋಲ್ಸ್-ರಾಯ್ಸ್‌ಗೆ ಮಾಡಿಕೊಟ್ಟದ್ದು 1911ರಲ್ಲಿ. ಅದಕ್ಕೆ ರೂಪದರ್ಶಿಯಾಗಿದ್ದವಳು ಲಾರ್ಡ್ ಮಾಂಟೆಗು ಎಂಬಾತನ ಕಾರ್ಯದರ್ಶಿ ಎಲಿನರ್ ಥಾರ್ನ್‌ಟನ್ ಎಂದೇ ಎಲ್ಲರೂ ಹೇಳುತ್ತಾರೆ. ಮಹಾಯುದ್ಧದ ನಡುವೆ ಅವರಿಬ್ಬರೂ ಪರ್ಷಿಯಾ ಎಂಬ ಹಡಗಿನಲ್ಲಿ ಭಾರತಕ್ಕೆ ಹೊರಟಿದ್ದರು. 1915ರ ಡಿಸೆಂಬರ್ 30ರಂದು ಮೆಡಿಟರೇನಿಯನ್ ಸಮುದ್ರದಲ್ಲಿ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಮಾಂಟೆಗು ಬದುಕಿದ, ಅವಳು ಬದುಕಲಿಲ್ಲ. ನಮ್ಮ ಮಹಾರಾಜರ ಎಷ್ಟೋ ಕಾರುಗಳ ಮೂತಿಯ ಮೇಲೆ ನಿಂತು ಈ ದೇಶದ ರಸ್ತೆಗಳಲ್ಲಿ ಓಡಾಡಿದ ಹೆಣ್ಣುರೂಪದ ಮೂಲದವಳು ಈ ದಡ ಮುಟ್ಟಲೇ ಇಲ್ಲ.

ಅವಳ ಮೂರ್ತಿಯನ್ನು ಬಿಸಾಡಿಲ್ಲ. ಆದರೆ ನಾನು ಕಟ್ಟುತ್ತಿರುವುದು 1907ರ ಕಾರು. ಆ ವರ್ಷ ರೇಡಿಯೇಟರ್ ಮುಚ್ಚಳ ಬೋಳಾಗಿತ್ತು. 1911ರ ನಂತರದ ಒಂದು ಘೋಸ್ಟ್ ಕಿಟ್‌ಗಾಗಿ ಕೇಳಿಟ್ಟಿದ್ದೇನೆ. ಅದು ಬಂದರೆ ಅದರ ನೆತ್ತಿಯ ಮೇಲೆ ನಿಲ್ಲುವುದು ಈ ಮೂರ್ತಿಯೇ.