ನಕ್ಷತ್ರಮೀನಿಗೆ ಚುಚ್ಚಿದ ಮುಳ್ಳು

1882ನೆಯ ಇಸವಿಯ ಚಳಿಗಾಲ. ಸಿಸಿಲಿ ದ್ವೀಪದ ಮೆಸಿನಾ ಪಟ್ಟಣದಲ್ಲಿ ಕಡಲ ತಡಿಯ ಬಾಡಿಗೆಯ ಮನೆಯೊಂದರಿಂದ ಹೆಂಗಸರು ಮಕ್ಕಳೆಲ್ಲರೂ ಸರ್ಕಸ್ಸಿಗೆ ಹೊರಟುಹೋಗಿದ್ದರು. ಅಲ್ಲಿ ಬಗೆಬಗೆಯ ಆಟ ತೋರಿಸುವ ವಾನರಗಳು ಬಂದಿದ್ದವಂತೆ. ಮನೆಯ ಯಜಮಾನನು ಮಾತ್ರ ಸೂಕ್ಷ್ಮದರ್ಶಕದ ಮುಂದೆ ಒಬ್ಬನೇ ಕುಳಿತು ನಕ್ಷತ್ರಮೀನಿನ ಎಳೆಮರಿಗಳನ್ನು ನೋಡುತ್ತಿದ್ದನು. ಆ ಮರಿಗಳ ಮೈ ನೀರಿನಷ್ಟು ತಿಳಿ. ಒಳಗಿನ ಜೀವಕಣಗಳು ಹರಿದಾಡುವುದು ಕಣ್ಣಿಗೆ ಕಾಣುವಂತಿತ್ತು. ಆಗ ಆತನಿಗೆ ಒಂದು ಯೋಚನೆ ಹೊಳೆಯಿತು: ಅಲೆದಾಡುವ ಈ ಕಣಗಳು ಆಹಾರಕ್ಕಾಗಿಯೇ ಅಲೆಯುತ್ತಿವೆಯೋ, ಇಲ್ಲವೆ ಮೈಯನ್ನು ಕಾಯುತ್ತಿವೆಯೋ? ಹಾಗೆ ಕಾಯುವುದಾದರೆ, ಹೊರಗಿನಿಂದ ಏನನ್ನಾದರೂ ಚುಚ್ಚಿದೊಡನೆ ಅವು ಅದರ ಸುತ್ತ ನೆರೆಯಬೇಕು, ಬೆರಳಿಗೆ ಮುಳ್ಳು ಹೊಕ್ಕಾಗ ಕೀವು ಕಟ್ಟುವಂತೆ.

ಆತ ಕೂತಲ್ಲಿ ಕೂರಲಾರದೆ ಕಡಲ ದಂಡೆಗೆ ಹೋಗಿ ಅಡ್ಡಾಡಿದನು. ಮನೆಗೆ ಬಂದವನೇ ತೋಟದ ಗುಲಾಬಿ ಗಿಡದಿಂದ ಮುಳ್ಳುಗಳನ್ನು ಕಿತ್ತು ಆ ಮರಿಗಳ ಮೈಗೆ ಮೆಲ್ಲನೆ ಚುಚ್ಚಿದನು. ಕೆಲವು ದಿನಗಳ ಹಿಂದೆ ಮಕ್ಕಳಿಗಾಗಿ ಕಿತ್ತಳೆಯ ಜಾತಿಯ ಸಣ್ಣದೊಂದು ಗಿಡವನ್ನೇ ಕ್ರಿಸ್ಮಸ್ ಮರವೆಂದು ಸಿಂಗರಿಸಿದ್ದುದೂ ಅದೇ ತೋಟದಲ್ಲಿ. ಆ ರಾತ್ರಿ ಆತನಿಗೆ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಎದ್ದು ನೋಡಿದರೆ, ಮುಳ್ಳಿನ ಸುತ್ತ ಕಣಗಳು ಮುತ್ತಿಗೆ ಹಾಕಿ ನಿಂತಿದ್ದವು.

ಹೀಗೆ ನೋಡಿದಾತ ಇಲ್ಯಾ ಮೆಚ್ನಿಕಾಫ್. 1845ರಲ್ಲಿ, ಆಗ ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದ ಖಾರ್ಕೊವ್ ಪ್ರಾಂತದಲ್ಲಿ ಹುಟ್ಟಿದವನು. ಕಲಿತದ್ದು ಪ್ರಾಣಿಶಾಸ್ತ್ರವೇ ಹೊರತು ವೈದ್ಯವಲ್ಲ. ಮೈಯನ್ನು ಕಾಯುವ ಕಣಗಳನ್ನು ಕಂಡ ಈ ಮನುಷ್ಯ ಅದಕ್ಕೆ ಮೊದಲು ಎರಡು ಬಾರಿ ತನ್ನ ಪ್ರಾಣವನ್ನೇ ಬೇಡವೆಂದವನು ಎಂಬುದನ್ನು ತಿಳಿಯದೆ ಆ ಬೆಳಗಿನ ಬೆಲೆ ತಿಳಿಯುವುದಿಲ್ಲ.

ಮೊದಲ ಮಡದಿ ಲುಡ್ಮಿಲಾ ಕ್ಷಯರೋಗಿ. 1869ರ ಮದುವೆಯ ದಿನ ನಡೆಯಲಾರದ ಆಕೆಯನ್ನು ಕುರ್ಚಿಯ ಮೇಲೆ ಕೂರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. ನಾಲ್ಕು ವರ್ಷ ಊರಿಂದೂರಿಗೆ, ಬಿಸಿಲಿದ್ದ ಕಡೆಗೆಲ್ಲ ಕರೆದೊಯ್ದು ಆರೈಕೆ ಮಾಡಿದನು. 1873ರಲ್ಲಿ ಮದೀರಾ ದ್ವೀಪದಲ್ಲಿ ಆಕೆ ತೀರಿಕೊಂಡಳು. ಬದುಕು ಸಾಕೆಂದು ಆತ ಔಷಧವೊಂದನ್ನು ಮಿತಿಮೀರಿ ಕುಡಿದನು; ಮಿತಿ ತೀರ ಮೀರಿದ್ದರಿಂದಲೇ ವಾಂತಿಯಾಗಿ ಉಳಿದುಕೊಂಡನು. ಜಿನೀವಾದ ಸೇತುವೆಯ ಬಳಿ ದೀಪದ ಸುತ್ತ ಮುತ್ತಿದ್ದ ಹುಳುಗಳನ್ನು ಕಂಡು, ಕೆಲವೇ ಗಂಟೆ ಬದುಕುವ ಇವುಗಳಿಗೆ ಡಾರ್ವಿನ್ನನ ಸಿದ್ಧಾಂತ ಹೇಗೆ ಹೊಂದೀತೆಂದು ಯೋಚಿಸತೊಡಗಿದಾಗ ಸಾವಿನ ಯೋಚನೆ ಮರೆತುಹೋಯಿತೆಂದು ಎರಡನೆಯ ಮಡದಿ ಓಲ್ಗಾ ಬರೆದ ಜೀವನಚರಿತ್ರೆ ಹೇಳುತ್ತದೆ. ಆ ಓಲ್ಗಾಳಿಗೂ 1880ರಲ್ಲಿ ವಿಷಮಶೀತ ಜ್ವರ ಬಂದು ಬದುಕಿದ್ದು ಕಷ್ಟದಲ್ಲಿ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ರಾಜಕೀಯದ ಕಿರುಕುಳ ಬೇರೆ. 1881ರಲ್ಲಿ ಆತ ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತನ್ನ ಮೈಗೇ ಚುಚ್ಚಿಕೊಂಡನು. ಸತ್ತರೆ ಸಾಯಲಿ, ಆ ರೋಗ ರಕ್ತದಿಂದ ಹರಡುವುದೆಂಬುದಾದರೂ ತಿಳಿಯಲಿ ಎಂಬುದು ಲೆಕ್ಕಾಚಾರ! ಸಾವಿನಲ್ಲಿಯೂ ಪ್ರಯೋಗವನ್ನು ಬಿಡದ ಈ ಹಟಕ್ಕೆ ಏನೆನ್ನಬೇಕೋ ತಿಳಿಯದು. ಕಾಯಿಲೆ ಕಠಿಣವಾಗಿ ಬಂದಿತು, ಹೋಯಿತು. ಎದ್ದ ಮೇಲೆ ಆತನಿಗೆ ಬಾಳಿನ ಮೇಲೆ ಹಿಂದೆಂದೂ ಇಲ್ಲದ ಆಸೆ ಚಿಗುರಿತು. ಮರುವರ್ಷವೇ ಮೆಸಿನಾ.

ಆ ಕಾಲದ ವೈದ್ಯರು ಕೀವಿನಲ್ಲಿ ಬಿಳಿಯ ರಕ್ತಕಣಗಳನ್ನೂ ಅವುಗಳ ಹೊಟ್ಟೆಯಲ್ಲಿ ರೋಗಾಣುಗಳನ್ನೂ ಕಾಣದೆ ಇರಲಿಲ್ಲ. ಆದರೆ ಆ ಕಣಗಳು ರೋಗಾಣುಗಳನ್ನು ಹೊತ್ತು ಮೈಯೆಲ್ಲ ಹರಡುವ ದ್ರೋಹಿಗಳೆಂದು ಪಾಠ ಹೇಳುತ್ತಿದ್ದರು. ಮೆಸಿನಾಕ್ಕೆ ಬಂದಿದ್ದ ಜರ್ಮನಿಯ ಪ್ರಸಿದ್ಧ ವೈದ್ಯ ವಿರ್ಚೌ, ಪ್ರಯೋಗವನ್ನು ಮೆಚ್ಚಿಕೊಂಡರೂ ಎಚ್ಚರದಿಂದ ಮುಂದುವರಿಯಬೇಕೆಂದು ಬುದ್ಧಿ ಹೇಳಿದನು. ಕಣಗಳಿಗೆ ‘ಫ್ಯಾಗೊಸೈಟ್’, ಎಂದರೆ ಭಕ್ಷಕ ಕಣ, ಎಂಬ ಹೆಸರು ವಿಯೆನ್ನಾದಲ್ಲಿ ಸಿಕ್ಕಿತು. ಅವುಗಳಲ್ಲಿ ದೊಡ್ಡವನ್ನು ಮೆಚ್ನಿಕಾಫ್ ‘ಮ್ಯಾಕ್ರೊಫೇಜ್’ ಎಂದು ಕರೆದನು. 1888ರಲ್ಲಿ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಆತನಿಗೆ ಪ್ರಯೋಗಶಾಲೆ ಕೊಟ್ಟನು. ಇಪ್ಪತ್ತು ವರ್ಷದ ವಾದವಿವಾದಗಳ ತರುವಾಯ, 1908ರ ಡಿಸೆಂಬರಿನಲ್ಲಿ ಪಾಲ್ ಎರ್ಲಿಕ್‌ನೊಡನೆ ನೊಬೆಲ್ ಪಾರಿತೋಷಕ. ಅದೇ ತಿಂಗಳ 28ರಂದು ಮೆಸಿನಾ ಪಟ್ಟಣ ಭೂಕಂಪದಲ್ಲಿ ನೆಲಸಮವಾಯಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಆತನ ಕೀರ್ತಿಗೆ ಕುಂದಿರಲಿಲ್ಲ. ಆದರೆ ವಯಸ್ಸಾಗುತ್ತ ಆತನಿಗೆ ತನ್ನ ಕಾವಲುಗಾರರ ಮೇಲೆಯೇ ಸಂಶಯ ಹುಟ್ಟಿತು. ಮುಪ್ಪಿನಲ್ಲಿ ಮ್ಯಾಕ್ರೊಫೇಜ್‌ಗಳು ಮೈಯ ಉತ್ತಮ ಕಣಗಳನ್ನೇ ತಿನ್ನುತ್ತವೆ, ತೆರವಾದ ಸ್ಥಳದಲ್ಲಿ ನಾರಿನಂಥ ಗಡಸು ಪದಾರ್ಥ ತುಂಬಿಕೊಳ್ಳುತ್ತದೆ ಎಂದು 1903ರ ಗ್ರಂಥದಲ್ಲಿ ವಾದಿಸಿದನು. ಕೂದಲು ನರೆಯುವುದೂ ಅವುಗಳದೇ ಕೆಲಸವೆಂದನು. ಅದಕ್ಕೆ ಪರಿಹಾರವೆಂದು ಆತ ಹೇಳಿದ್ದು ಹುಳಿ ಹಾಲು. ಮಜ್ಜಿಗೆಯ ಮನೆಗಳಲ್ಲಿ ಬೆಳೆದವರಿಗೆ ಇದರಿಂದ ಒಂದಿಷ್ಟು ಸಂತೋಷವಾದೀತು. ನರೆಗೂದಲಿನ ವಿಚಾರ ತಪ್ಪು. ಮೆದುಳನ್ನು ಅವು ತಿಂದುಹಾಕುತ್ತವೆಂಬುದನ್ನೂ ಪರಿಣತರು ಒಪ್ಪಲಿಲ್ಲ. ಆದರೂ ಭಕ್ಷಕ ಕಣಕ್ಕೂ ನಾರಿಗೂ ನಂಟಿದೆಯೆಂಬ ಊಹೆ ಸುಳ್ಳಾಗಲಿಲ್ಲ.

ಮನೆಯಲ್ಲಿ ಮಗುವಿನ ಮೊಣಕಾಲು ತರಚಿದಾಗ ಆಗುವುದನ್ನೇ ನೋಡಬಹುದು. ಭಕ್ಷಕ ಕಣಗಳು ಬಂದು ಕಸ ತೆಗೆಯುತ್ತವೆ. ಜೊತೆಗೆ ಸುತ್ತಲಿನ ನಾರುಕಣಗಳಿಗೆ ‘ನೇಯಿರಿ’ ಎಂದು ರಾಸಾಯನಿಕ ಸಂದೇಶ ಕಳುಹಿಸುತ್ತವೆ. ಅವು ಕೊಲ್ಯಾಜೆನ್ ಎಂಬ ನಾರನ್ನು ನೇಯ್ದು ಗಾಯವನ್ನು ಮುಚ್ಚುತ್ತವೆ. ಕಲೆ ಉಳಿಯುತ್ತದೆ, ಕಾಲು ನೆಟ್ಟಗಾಗುತ್ತದೆ. ಆದರೆ ನೇಯಿರೆಂಬ ಅಪ್ಪಣೆ ನಿಲ್ಲದೆ ಹೋದರೆ? ಅದೇ ಫೈಬ್ರೋಸಿಸ್, ನಾರುಗಟ್ಟುವಿಕೆ. ಯಕೃತ್ತಿನಲ್ಲಾದರೆ ಅದು ಕಲ್ಲಿನಂತಾಗುತ್ತದೆ. ಶ್ವಾಸಕೋಶದಲ್ಲಾದರೆ ಉಸಿರು ಸಾಲದಾಗುತ್ತದೆ.

ಇದರ ಕಟುವಾದ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಕಲ್ಲುದೂಳಿನಿಂದ ಬರುವ ಸಿಲಿಕೋಸಿಸ್ ರೋಗ ಭಾರತದಲ್ಲಿ ಮೊದಲು ದಾಖಲಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ. ಬೆಣಚುಕಲ್ಲನ್ನು ಕೊರೆಯುವಾಗ ಎದ್ದ ಕಣ್ಣಿಗೆ ಕಾಣದ ದೂಳನ್ನು ಕೆಲಸಗಾರನ ಶ್ವಾಸಕೋಶದ ಮ್ಯಾಕ್ರೊಫೇಜ್ ನಿಷ್ಠೆಯಿಂದ ನುಂಗುತ್ತದೆ. ಕಲ್ಲು ಜೀರ್ಣವಾಗದು, ನುಂಗಿದ ಕಣವೇ ಸಾಯುತ್ತದೆ. ಹೊರಬಿದ್ದ ದೂಳನ್ನು ಇನ್ನೊಂದು ನುಂಗುತ್ತದೆ. ಹೀಗೆ ಗಣಿಯ ಕೆಲಸ ಬಿಟ್ಟ ಮೇಲೆಯೂ ಒಳಗೆ ನೇಯ್ಗೆ ನಡೆದೇ ಇರುತ್ತದೆ. ಆ ಗಣಿ 2001ರಲ್ಲಿ ಮುಚ್ಚಿತು. ಎದೆಯೊಳಗಿನ ದೂಳಿಗೆ ಅಂಥ ಅಪ್ಪಣೆ ತಲುಪುವುದಿಲ್ಲ.

1967ರಲ್ಲಿ ಹೆಪಲ್‌ಸ್ಟನ್ ಮತ್ತು ಸ್ಟೈಲ್ಸ್ ಎಂಬ ವಿಜ್ಞಾನಿಗಳು ಮ್ಯಾಕ್ರೊಫೇಜ್‌ಗಳಿಗೆ ಸಿಲಿಕಾ ದೂಳು ತಿನ್ನಿಸಿ, ಅವುಗಳಿಂದ ತೆಗೆದ ಸಾರವನ್ನು ನಾರುಕಣಗಳಿಗೆ ಸೇರಿಸಿದರು. ನಾರುಕಣಗಳು ಹೆಚ್ಚು ಕೊಲ್ಯಾಜೆನ್ ತಯಾರಿಸಿದವು. 1971ರಲ್ಲಿ ಗಬ್ಬಿಯಾನಿ ಮತ್ತು ಆತನ ಸಂಗಡಿಗರು, ಮಾಯುವ ಗಾಯದ ನಾರುಕಣಗಳು ಸ್ನಾಯುವಿನ ಗುಣ ಪಡೆದು ಗಾಯವನ್ನು ಬಿಗಿದೆಳೆಯುತ್ತವೆಂದು ತೋರಿಸಿದರು.

ಹಾಗಾದರೆ ಭಕ್ಷಕ ಕಣಗಳನ್ನೇ ಇಲ್ಲವಾಗಿಸಿದರೆ ರೋಗ ನಿಲ್ಲಬಾರದೇಕೆ? 2005ರಲ್ಲಿ ಪ್ರಕಟವಾದ ಡಫೀಲ್ಡ್ ಮತ್ತು ಸಂಗಡಿಗರ ಪ್ರಯೋಗ ಇದಕ್ಕೆ ವಿಚಿತ್ರವಾದ ಉತ್ತರ ಕೊಟ್ಟಿತು. ಇಲಿಗಳ ಯಕೃತ್ತಿಗೆ ಹಾನಿಯಾಗುತ್ತಿರುವಾಗಲೇ ಮ್ಯಾಕ್ರೊಫೇಜ್‌ಗಳನ್ನು ತೆಗೆದರೆ ಕಲೆ ಕಡಮೆಯಾಯಿತು. ಹಾನಿ ನಿಂತು ಚೇತರಿಸಿಕೊಳ್ಳುವಾಗ ತೆಗೆದರೆ ಕಲೆ ಕರಗದೆ ಉಳಿಯಿತು. ನೇಯಿಸಿದ್ದೂ ಅವೇ, ಬಿಚ್ಚಬೇಕಾದವೂ ಅವೇ! ಸೊಸೆಯ ಮೇಲೆ ಮುನಿದರೂ ಆಕೆಯಿಲ್ಲದೆ ಮನೆ ನಡೆಯದ ಅತ್ತೆಯ ಸಂಕಟ ವೈದ್ಯರದು. ಕಾರಣ ತಿಳಿಯದ ಶ್ವಾಸಕೋಶದ ನಾರುಗಟ್ಟುವಿಕೆಗೆ 2014ರಲ್ಲಿ ಅಮೆರಿಕದಲ್ಲಿ ಎರಡು ಮದ್ದುಗಳಿಗೆ ಒಪ್ಪಿಗೆ ದೊರೆಯಿತು. ಅವು ರೋಗದ ನಡಿಗೆಯನ್ನು ನಿಧಾನ ಮಾಡುತ್ತವೆ, ಹಿಂದಿರುಗಿಸುವುದಿಲ್ಲ.

ಮೆಚ್ನಿಕಾಫ್ 1916ರ ಜುಲೈ ತಿಂಗಳಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಹೃದಯದ ಕಾಯಿಲೆಯಿಂದ ತೀರಿಕೊಂಡನು. ಎರಡು ಬಾರಿ ಸಾವನ್ನು ಕರೆದಿದ್ದವನು ಕೊನೆಯ ದಿನಗಳಲ್ಲಿ ತನ್ನ ಕಾಯಿಲೆಯನ್ನು ಪರರದೆಂಬಂತೆ ಗಮನಿಸುತ್ತಿದ್ದನು. ತನ್ನ ದೇಹವನ್ನು ಕೊಯ್ದು ಪರೀಕ್ಷಿಸುವಂತೆ, ಕರುಳನ್ನು ವಿಶೇಷವಾಗಿ ನೋಡುವಂತೆ ಜೊತೆಯ ವೈದ್ಯನಿಗೆ ಹೇಳಿದ್ದನು. ಆತನ ಚಿತಾಭಸ್ಮದ ಕಲಶವನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಪುಸ್ತಕ ಭಂಡಾರದಲ್ಲಿ ಇರಿಸಿದರು.