ಪೋಸ್ಟ್‌ಮ್ಯಾನ್ ಮಾಡಿದ್ದು ತಪ್ಪು

ಪುಣೆಯ ಕೋಥ್ರೂಡಿನ ಆ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ರಿಮೋಟು ಅಜ್ಜಿಯ ಕೈಯಲ್ಲಿರುತ್ತದೆ. ಗದಗದ ಕಡೆಯವರು, ವಯಸ್ಸು 74, ಮಗನ ಮನೆಗೆ ಬಂದು ಒಂಬತ್ತು ವರ್ಷ. ಸಿನಿಮಾ ವಿಮರ್ಶೆಯನ್ನು ಎಂದೂ ಓದಿದವರಲ್ಲ. ಆದರೆ ಪ್ರತಿಯೊಂದಕ್ಕೂ ಅವರಲ್ಲೊಂದು ತೀರ್ಪಿದೆ, ಅದು ಸಾಮಾನ್ಯವಾಗಿ ಮೊದಲ ಹತ್ತು ನಿಮಿಷದಲ್ಲೇ ಬರುತ್ತದೆ, ಕಣ್ಣಿಗಿಂತ ಮೊದಲು ಕಿವಿಯಿಂದ.

‘ಕೆಜಿಎಫ್’ ನೋಡಿ ಅವರು ಅಂದದ್ದು: “ಮಂದಿ ಮಾತಾಡೋದಕಿಂತ ಬಾಜಾ ಬಾರ್ಸೋದ ಭಾಳ ಆತು.” ‘ಕಾಂತಾರ’ದ ಕೊನೆಯ ಭಾಗವನ್ನು ಕೈಮುಗಿದು ನೋಡಿದರು, ಅದಕ್ಕೂ ಮುಂಚಿನ ಪ್ರೀತಿ ಪ್ರೇಮವನ್ನು ಓಡಿಸಿಬಿಡಲು ಹೇಳಿದ್ದರು. ನಾಗಾಭರಣರ ‘ನಾಗಮಂಡಲ’ಕ್ಕೆ ಪೂರ್ತಿ ಅಂಕ, ಯಾಕೆಂದರೆ ಅದರಲ್ಲಿ ಜನ ತಮ್ಮ ಕಡೆಯವರ ಹಾಗೆ ಮಾತಾಡುತ್ತಾರೆ. ಧಾರಾವಾಹಿಗಳ ಬಗ್ಗೆ ಒಂದೇ ದೂರು: “ಒಂದ ಮಾರಿ ಮೂರು ಸಲ ತೋರಸ್ತಾರಲ್ಲ, ನಮಗೇನು ಕಣ್ಣಿಲ್ಲೇನು?”

ರಾಮ್ ರೆಡ್ಡಿಯವರ ‘ತಿಥಿ’ಯನ್ನು ಮಾತ್ರ ಮೂರು ಸಲ ನೋಡಿದ್ದಾರೆ. ಮಂಡ್ಯ ಸೀಮೆಯ ಹಳ್ಳಿ, ನಟಿಸಿದವರು ಬಹುತೇಕ ಅಲ್ಲಿನ ಜನರೇ. ಶುರುವಿನಲ್ಲಿ 101 ವರ್ಷದ ಸೆಂಚುರಿ ಗೌಡ ಬೀದಿ ಬದಿ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಾನೆ. ಆ ಕನ್ನಡ ಗದಗದ ಕಿವಿಗೆ ಮೊದಲ ಸಲ ಅರ್ಧವೂ ದಕ್ಕಲಿಲ್ಲ. ಆದರೂ ಅಜ್ಜಿ ನಕ್ಕರು. ಪಕ್ಕದಲ್ಲಿ ಕೂತ ಹದಿಮೂರರ ಮೊಮ್ಮಗಳು ಅವರಿಗಿಂತ ಮೊದಲೇ ನಕ್ಕಿದ್ದಳು. ಅವಳು ಇಂಗ್ಲಿಷ್ ಸಬ್‌ಟೈಟಲ್ ಓದುವವಳು, ಮಾತು ಮುಗಿಯುವ ಮೊದಲೇ ಅವಳಿಗೆ ಸಾಲು ಮುಗಿದಿರುತ್ತದೆ.

ಸಬ್‌ಟೈಟಲ್ ಬರೆದವರನ್ನು ದೂರಿ ಫಲವಿಲ್ಲ. ಅವರಿಗೆ ಸಿಗುವುದು ಎರಡು ಸಾಲು, ಸಾಲಿಗೆ ಹೆಚ್ಚೆಂದರೆ ನಲವತ್ತು ಚಿಲ್ಲರೆ ಅಕ್ಷರ, ಕೆಲವು ಸೆಕೆಂಡು. ಒಬ್ಬನ ವಂಶವನ್ನೇ ಜಾಲಾಡುವ ಬೈಗುಳ ಅಷ್ಟರಲ್ಲಿ ಹೇಗೆ ಹಿಡಿದೀತು? ಮೊಮ್ಮಗಳಿಗೂ ಇದು ಗೊತ್ತು. ಅಜ್ಜಿ ಇಷ್ಟು ಹೊತ್ತು ನಗುತ್ತಿದ್ದಾರೆ, ಓದಿದ್ದು ಇಷ್ಟೇ ಇದೆ ಎಂದರೆ ನಡುವೆ ಏನೋ ಬಿಟ್ಟುಹೋಗಿದೆ. “ಅಜ್ಜಿ, ಅವ್ರು ಖರೇನ ಏನ್ ಅಂದ್ರು?” ಕೆಲವು ಸಲ ಅಜ್ಜಿ ಬಿಡಿಸಿ ಹೇಳುತ್ತಾರೆ. ಕೆಲವು ಸಲ, “ನಿನಗ ಬ್ಯಾಡ ಅದು.”

‘ತಿಥಿ’ಯಲ್ಲಿ ಸತ್ತವನಿಗಾಗಿ ಯಾರೂ ಅಳುವುದಿಲ್ಲ. ಮಗ ಗಡ್ಡಪ್ಪ ಬ್ರಾಂದಿ ಬಾಟಲಿ ಹಿಡಿದು ಅಲೆಯುತ್ತಾನೆ, ಮೊಮ್ಮಗನಿಗೆ ಜಮೀನು ಮಾರುವ ಅವಸರ, ಮರಿಮಗ ಕುರಿ ಕಾಯುವ ಹುಡುಗಿಯ ಹಿಂದೆ. ಹನ್ನೊಂದನೇ ದಿನಕ್ಕೆ ಊರಿಗೆಲ್ಲ ಬಾಡೂಟ ಹಾಕಬೇಕು. ಈ ಚಿತ್ರ ಸಾವನ್ನು ಲೇವಡಿ ಮಾಡುತ್ತದೆ ಎಂದು ಸೊಸೆಗೆ ಅನ್ನಿಸಿತು. ಅಜ್ಜಿ ಒಪ್ಪಲಿಲ್ಲ. “ಅಳಬಾರದು ಅಂತಲ್ಲವಾ, ಅಳಾಕ ಪುರಸೊತ್ತಿಲ್ಲ ಅವರಿಗೆ. ಸತ್ತವ್ರ ಮನ್ಯಾಗ ಹಂಗ ಇರತೈತಿ.”

ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, 1977ರ ‘ಘಟಶ್ರಾದ್ಧ’, ಹಾಗೆ ನಗಿಸುವಂಥದ್ದಲ್ಲ. ಗರ್ಭಿಣಿಯಾದ ವಿಧವೆ ಮಗಳಿಗೆ, ಅವಳು ಬದುಕಿರುವಾಗಲೇ, ತಂದೆ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾನೆ. ಅನಂತಮೂರ್ತಿಯವರ ಕಥೆ. ಚಿತ್ರ ಮುಗಿದ ಮೇಲೂ ಅಜ್ಜಿ ಏನೂ ಹೇಳಲಿಲ್ಲ. ನೀರು ಕುಡಿದು ಬಂದು, ಯಾರ ಮುಖವನ್ನೂ ನೋಡದೆ ಅಂದರು: “ಇವ್ರು ಬದುಕಿದಾಕಿನ್ನ ಸತ್ತಾಳಂದ್ರು. ನೀವು ಸತ್ತಾಕಿನ್ನ ಬದುಕ್ಯಾಳಂದ್ರಿ.”

2021ರ ಮೇ ತಿಂಗಳಲ್ಲಿ ಗದಗದಲ್ಲಿ ಅವರ ಅಕ್ಕ ಕೊರೊನಾದಿಂದ ತೀರಿಕೊಂಡರು. ಆಗ ಪುಣೆಯಲ್ಲಿ ಅಜ್ಜಿಗೂ ಜ್ವರ, ಆಕ್ಸಿಜನ್ ಮಟ್ಟ ದಿನಕ್ಕೆ ನಾಲ್ಕು ಸಲ ನೋಡುವ ಪರಿಸ್ಥಿತಿ. ಮಗ ಹನ್ನೆರಡು ದಿನ ಸುದ್ದಿ ಹೇಳಲಿಲ್ಲ. ಅಕ್ಕನ ಬಗ್ಗೆ ಕೇಳಿದಾಗಲೆಲ್ಲ “ಆರಾಮ ಅದಾರ, ಮಾತಾಡಾಕ ತ್ರಾಸ ಆಗತೈತಿ” ಅಂದ. ಹೇಳಿದ್ದರೂ ಯಾರೂ ಮಣ್ಣಿಗೆ ಹೋಗುವಂತಿರಲಿಲ್ಲ, ಮನೆಯವರಿಗೇ ಮುಖ ನೋಡಲು ಸಿಕ್ಕಿರಲಿಲ್ಲ. ಇದೆಲ್ಲ ಅಜ್ಜಿಗೂ ಗೊತ್ತು. ಆದ್ದರಿಂದಲೇ ಈ ವಿಷಯ ಮನೆಯಲ್ಲಿ ಜಗಳವಾಗಿ ಎಂದೂ ಹೊರಬರಲಿಲ್ಲ. ಬಂದದ್ದು ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ನೆಪದಲ್ಲಿ.

ದೂರದರ್ಶನದಲ್ಲಿ ಬಂದ ಈ ಸರಣಿಯ ಬಗ್ಗೆ ಅವರ ತಕರಾರು ಹಳೆಯದು: ಆಗುಂಬೆಯ ಬೀದಿಯಲ್ಲಿ ನಿಂತವರು ಹಿಂದಿಯಲ್ಲಿ ಯಾಕೆ ಮಾತಾಡಬೇಕು? ಕಳೆದುಹೋದ ಟಪಾಲಿನ ಕಂತು ಬಂದಾಗ ಅವರು ಆ ಮಾತು ಎತ್ತಲಿಲ್ಲ. ಊರಿನ ಮನೆಮನೆಗೂ ಬೇಕಾದವನು ಪೋಸ್ಟ್‌ಮ್ಯಾನ್ ತಾನಪ್ಪ. ತನಗೆ ಪ್ರೀತಿಯ ಮನೆಯೊಂದರಲ್ಲಿ ಹುಡುಗಿಯ ಮದುವೆ ನಿಂತುಹೋಗಬಾರದೆಂದು ಸಾವಿನ ಸುದ್ದಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಮದುವೆ ಮುಗಿದ ಮೇಲೆ ತಾನೇ ತಂದು ಕೊಡುತ್ತಾನೆ. ನೋಡಿದವರೆಲ್ಲ ಅವನನ್ನು ಪ್ರೀತಿಸುತ್ತಾರೆ, ಕಥೆಯೂ ಅವನನ್ನು ದೂರುವುದಿಲ್ಲ.

“ಅಂವ ಮಾಡಿದ್ದು ತಪ್ಪು,” ಅಂದರು ಅಜ್ಜಿ.

“ಮದುವಿ ನಿಲ್ತಿತ್ತಲ್ಲವ್ವಾ,” ಅಂದ ಮಗ.

“ನಿಲ್ಲಲಿ. ಇಲ್ಲಾ, ತಿಳಿದೂ ಮದುವಿ ಮಾಡ್ತಿದ್ದಾನೇನೋ. ಅದನ್ನ ಅವ್ರಪ್ಪ ಲೆಕ್ಕ ಹಾಕಬೇಕಿತ್ತು, ಟಪಾಲಿನಂವ ಅಲ್ಲ.” ಸ್ವಲ್ಪ ತಡೆದು, “ನಾ ಹನ್ನೆರಡು ದಿನಾ ಆಕಿ ಸಲುವಾಗಿ ದೀಪಾ ಹಚ್ಚಿ ಆರಾಮ ಆಗಲಿ ಅಂತ ಬೇಡಕೊಂಡೇನಿ.”

ಮಗ ಉತ್ತರ ಕೊಡಲಿಲ್ಲ. ಮತ್ತೆ ಅಂಥದ್ದೇ ಸಂದರ್ಭ ಬಂದರೆ ಹಾಗೇ ಮಾಡುತ್ತೇನೆ ಎಂದು ಆಮೇಲೆ ಹೆಂಡತಿಯ ಹತ್ತಿರ ಹೇಳಿದನಂತೆ. ತಾಯಿಯ ಆಕ್ಸಿಜನ್ ಅಳೆಯುತ್ತಿದ್ದವನು ಅವನು. ಅವನ ಮಾತಿನಲ್ಲೂ ನ್ಯಾಯವಿದೆ.

ಗದಗದಿಂದ ಫೋನ್ ಬಂದರೆ ಮಾತ್ರ ಅವನು ಈಗ ಟಿವಿಯ ಸದ್ದು ಕಡಿಮೆ ಮಾಡಿ, ಮೊದಲು ತಾಯಿಯ ಕೈಗೆ ಕೊಡುತ್ತಾನೆ.